ಮೂರು ಮಡಿಕೆಯ ಪೊಟ್ಟಣ

ಡಾಕ್ಟರಮ್ಮ ಪೊಟ್ಟಣದ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, ಒಳಗಿದ್ದ ಮಾತ್ರೆಗಳನ್ನು ಮೇಜಿನ ಮೇಲಿನ ಬಿಳಿ ಹಾಳೆಗೆ ಸುರಿದರು. ಮೂರು ಮಾತ್ರೆಗಳು ಸ್ವಲ್ಪ ದೂರ ಉರುಳಿ ನಿಂತವು. ಪೆನ್ನಿನ ತುದಿಯಿಂದ ಒಂದನ್ನು ಪಕ್ಕಕ್ಕೆ ಸರಿಸಿ, "ಇದು ಟ್ಯಾಮಾಕ್ಸಿಫೆನ್. ನಾವು ಬರೆದದ್ದು," ಎಂದರು. ದೊಡ್ಡದೊಂದನ್ನು ಸರಿಸಿ, "ಇದು ಕ್ಯಾಲ್ಸಿಯಂ. ಇದೂ ನಮ್ಮದೇ." ಪೆನ್ನು ಮೂರನೆಯದರ ಮೇಲೆ ನಿಂತಿತು. "ಇದು ಯಾವುದಮ್ಮಾ?"

"ಅದು ಶಕ್ತಿದು," ಎಂದಳು ಗಿರಣಿಯಕ್ಕ. "ವಿಟಮಿನ್ನು. ನಮ್ಮಣ್ಣ ಕೊಡ್ತಾನೆ. ಅದು ಹೊಟ್ಟೆಗೆ ಬಿದ್ದ ಮೇಲೇ ನಾನು ಮತ್ತೆ ಮನುಷ್ಯಳಾಗಿದ್ದು ನೋಡಿ."

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅಣ್ಣ ತೊಡೆಯ ಮೇಲಿನ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡ. ತಿನ್ನುವ ಮಾತ್ರೆಗಳನ್ನೆಲ್ಲ ತರಬೇಕೆಂದು ಹೋದ ಸಲವೇ ಹೇಳಿ ಕಳಿಸಿದ್ದರು. ಅವನು ಎರಡೇ ಮಾತ್ರೆಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದ. ಅವನ್ನು ಮೇಜಿನ ಮೇಲಿಟ್ಟು ಇನ್ನೂ ಕೈ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ, ತಂಗಿ ತನ್ನ ಕೈಚೀಲದಿಂದ ಆ ರಾತ್ರಿಗೆಂದು ಅವನೇ ಕಟ್ಟಿಕೊಟ್ಟಿದ್ದ ಪೊಟ್ಟಣವನ್ನು ತೆಗೆದು, "ಪಟ್ಟಿ ಯಾಕೆ, ನಾನು ನುಂಗೋದು ಇದನ್ನ," ಎಂದು ಮುಂದಿಟ್ಟಿದ್ದಳು.

ಡಾಕ್ಟರಮ್ಮ ಮಾತ್ರೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಆ ಆಸ್ಪತ್ರೆಗೆ ಬಂದು ಮೂರು ತಿಂಗಳೂ ಆಗದ, ತೆಳ್ಳಗಿನ, ಜೋರಾಗಿ ಮಾತಾಡದ ಹೆಂಗಸು. ಮಾತ್ರೆಯ ನಡುವಿನ ಗೆರೆ, ಗೆರೆಯ ಆಚೀಚೆಯ ಅಕ್ಷರ ಅವರ ಕಣ್ಣಿಗೆ ಬಿದ್ದದ್ದು ಅಣ್ಣನಿಗೆ ತಿಳಿಯಿತು. ಅವರು ತಲೆಯೆತ್ತಿ ಅವನನ್ನು ನೋಡಿದ್ದು ಒಂದೇ ಕ್ಷಣ. ಆಮೇಲೆ ಗಂಟೆ ಒತ್ತಿ ನರ್ಸಮ್ಮನನ್ನು ಕರೆದು, "ಇವರ ತೂಕ ನೋಡಿ, ಹಾಗೇ ರಕ್ತ ತೆಗೆದುಕೊಳ್ಳಿ," ಎಂದರು.

ಗಿರಣಿಯಕ್ಕ ಎಡಗಾಲು ಎಳೆಯುತ್ತ ಎದ್ದಳು. "ತೂಕ ಏನು ನೋಡ್ತೀರ, ದಿನಾ ತೂಕ ಹಾಕೋಳು ನಾನು," ಎಂದು ನರ್ಸಮ್ಮನಿಗೆ ಹೇಳುತ್ತಲೇ ಹೊರಗೆ ಹೋದಳು. ಬಾಗಿಲು ಮುಚ್ಚಿತು.

"ಇದು ವಿಟಮಿನ್ ಅಲ್ಲ," ಎಂದರು ಡಾಕ್ಟರಮ್ಮ.

"ಅಲ್ಲ."

"ಮನಸ್ಸು ಕುಗ್ಗಿದವರಿಗೆ ಕೊಡೋದು. ಅವರಿಗೆ ಗೊತ್ತಾ?"

"ಇಲ್ಲ."

"ಎಷ್ಟು ದಿನದಿಂದ?"

"ಎರಡು ವರ್ಷ ದಾಟಿತು."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳ ಬೀಳುತ್ತದೆಂದು ಅವನು ಕುತ್ತಿಗೆ ಕುಗ್ಗಿಸಿಕೊಂಡು ಕೂತ. ಬೈಗುಳ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು.

* * *

ಊರಿಗೆಲ್ಲ ಅವನು ಪೊಟ್ಟಣದಣ್ಣ. ಬಸ್ಸು ತಿರುಗುವ ಜಾಗದಲ್ಲಿ ಅವನು ಔಷಧಿ ಅಂಗಡಿ ಇಟ್ಟು ಮೂವತ್ತೊಂದು ವರ್ಷ. ಹೊಲದಿಂದ ನೇರ ಬರುವ ಜನ. ಬಹಳ ಮಂದಿಗೆ ಓದು ಬಾರದು, ಓದು ಬಂದವರಿಗೆ ಮಾತ್ರೆಯ ಹೆಸರು ಬಾಯಿಗೆ ಬಾರದು. ಅದಕ್ಕೆ ಅವನು ಮೊದಲ ವರ್ಷವೇ ಒಂದು ಉಪಾಯ ಕಂಡುಕೊಂಡಿದ್ದ. ಪಟ್ಟಿಗಳನ್ನು ಒಡೆದು, ಹೊತ್ತುಹೊತ್ತಿಗೆ ಬೇಕಾದ ಮಾತ್ರೆಗಳನ್ನು ಬೇರೆಬೇರೆ ಪೊಟ್ಟಣ ಕಟ್ಟಿ ಕೊಡುವುದು. ಮೂಲೆ ಒಂದು ಸಲ ಮಡಿಸಿದ್ದರೆ ಬೆಳಗ್ಗೆ, ಎರಡು ಸಲ ಮಡಿಸಿದ್ದರೆ ಮಧ್ಯಾಹ್ನ, ಮೂರು ಮಡಿಕೆಯದು ಮಲಗುವಾಗ. ಕಣ್ಣು ಕಾಣದ ಮುದುಕಿಯೂ ಬೆರಳಲ್ಲಿ ಸವರಿ ತನ್ನ ಹೊತ್ತಿನ ಪೊಟ್ಟಣ ತೆಗೆದುಕೊಳ್ಳುತ್ತಿದ್ದಳು. ಪೇಟೆಯ ಡಾಕ್ಟರುಗಳೇ, "ನಿಮ್ಮ ಪೊಟ್ಟಣದಣ್ಣನ ಕೈಗೆ ಕೊಡಿ, ಅವನು ಸರಿಮಾಡಿ ಕೊಡ್ತಾನೆ," ಎಂದು ಚೀಟಿ ಬರೆದು ಕಳಿಸುತ್ತಿದ್ದರು.

ಪೊಟ್ಟಣಕ್ಕೆ ಬೇಕಾದ ಕಾಗದವನ್ನೂ ಅವನು ಕೊಂಡವನಲ್ಲ. ಔಷಧಿಯ ಪ್ರತಿ ಡಬ್ಬಿಯಲ್ಲೂ ಹದಿನಾರು ಮಡಿಕೆ ಹಾಕಿ ತುರುಕಿರುವ, ಇರುವೆಯ ಸಾಲಿನಂಥ ಅಕ್ಷರದ ತೆಳು ಹಾಳೆ ಇರುತ್ತದಲ್ಲ, ಅದೇ. ಬಿಡುವಿದ್ದಾಗ ಅವುಗಳನ್ನು ಬಿಡಿಸಿ, ಅಂಗೈಯಲ್ಲಿ ಒತ್ತಿ, ನಾಲ್ಕು ಚೌಕ ಕತ್ತರಿಸಿ ಖಾನೆಯಲ್ಲಿ ಪೇರಿಸಿಡುತ್ತಿದ್ದ. "ನಿನ್ನ ಅಂಗಡಿಯಲ್ಲಿ ಏನೂ ದಂಡ ಆಗಲ್ಲ," ಎಂದು ಹೆಂಡತಿ ಹೇಳುವುದು ಹೊಗಳಿಕೆಯೋ ಹಂಗಿಸುವುದೋ ಅವನಿಗೆ ಇವತ್ತಿಗೂ ತಿಳಿಯದು.

ತಂಗಿಗೆ ಎದೆಯಲ್ಲಿ ಗಂಟು ಕಂಡದ್ದು ಐದು ವರ್ಷದ ಹಿಂದೆ. ಅವಳು ಅದನ್ನು ಯಾರಿಗೂ ಹೇಳದೆ ಎರಡು ಸುಗ್ಗಿ ಕಳೆದಿದ್ದಳು. ಬಲಗಡೆಯದನ್ನು ಪೂರ್ತಿ ತೆಗೆದರು. ಆಮೇಲೆ ಸೂಜಿ, ಕೂದಲು ಉದುರಿದ್ದು, ವಾಂತಿ. ಅದೆಲ್ಲ ಅವಳು ಹಲ್ಲು ಕಚ್ಚಿ ನಡೆಸಿದಳು. ಎಂಟು ವರ್ಷದ ಹಿಂದೆ ಗಂಡ ತೀರಿಕೊಂಡ ಮೂರನೆಯ ವಾರವೇ ಗಿರಣಿಯ ಬೀಗ ತೆಗೆದು, ಸವೆದ ಬೀಸುವ ಕಲ್ಲು ಬಿಚ್ಚಿ, ತಾನೇ ಚಾಣ ಹಿಡಿದು ಗೀರು ಹಾಕಿದವಳು. ಗಟ್ಟಿ ಜೀವ ಎಂದು ಎಲ್ಲರೂ ಅಂದರು. ಗಟ್ಟಿ ಜೀವ ಕುಸಿದದ್ದು ಎಲ್ಲ ಮುಗಿಯಿತು ಅಂದುಕೊಂಡ ಮೇಲೆ, ದಿನಕ್ಕೊಂದು ಮಾತ್ರೆ ನುಂಗಿಕೊಂಡಿದ್ದರೆ ಸಾಕು ಎಂಬ ಕಾಲದಲ್ಲಿ. ಮೈಯೊಳಗೆ ಒಲೆ ಹಚ್ಚಿದಂತೆ ಇದ್ದಕ್ಕಿದ್ದಂತೆ ಉರಿ ಏಳುತ್ತಿತ್ತು. ಬೆವರಿಗೆ ಹಿಟ್ಟು ಮೆತ್ತಿಕೊಂಡು ಮುಖ ಕಣಕವಾಗುತ್ತಿತ್ತು. ನಿದ್ದೆ ಹೋಯಿತು. ಮಾತು ಹೋಯಿತು. ಗಿರಾಕಿಗಳನ್ನು ಒಂದು ಮಾತು ಆಡಿಸದೆ, ಎರಡು ಮಾತು ಕೆಣಕದೆ ಕಳಿಸದವಳು ಕಾಳು ಸುರಿದು ಗೋಡೆ ನೋಡುತ್ತ ನಿಲ್ಲತೊಡಗಿದಳು.

ಒಂದು ಮಧ್ಯಾಹ್ನ ಅವನು ಬುತ್ತಿ ಕೊಡಲು ಗಿರಣಿಗೆ ಹೋದಾಗ ಮೋಟಾರು ಓಡುತ್ತಿತ್ತು, ತೊಟ್ಟಿಯಲ್ಲಿ ಕಾಳಿರಲಿಲ್ಲ. ಕಲ್ಲು ಕಲ್ಲಿಗೆ ಉಜ್ಜಿ ಸುಟ್ಟ ವಾಸನೆ. ತಂಗಿ ಮೋಟಾರಿನ ಬೆಲ್ಟಿನ ಪಕ್ಕ ನಿಂತಿದ್ದಳು. ಅವನು ಸ್ವಿಚ್ಚು ಆರಿಸಿದ. ಅವಳು ತಲೆಗೆ ಕಟ್ಟಿದ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಮಳೆ ಬೆಳೆಯ ಮಾತು ಆಡುವ ಹಾಗೆ ಹೇಳಿದಳು: "ಅಣ್ಣಾ, ಈ ತುದಿನ ಬೆಲ್ಟಿಗೆ ಕೊಟ್ಟುಬಿಟ್ಟರೆ ಸಾಕು ಅಲ್ವಾ? ಮಿಕ್ಕಿದ್ದನ್ನ ಅದೇ ಎಳಕೊಳ್ಳುತ್ತೆ."

ಮರುದಿನ ಅವಳನ್ನು ಪೇಟೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋದ. ಬೋರ್ಡು ಓದಿದವಳೇ ತಿರುಗಿ ನಿಂತಳು. "ನನಗೆ ಎದೆ ಒಂದು ಹೋಗಿದೆ, ತಲೆ ಹೋಗಿಲ್ಲ. ಹುಚ್ಚಿನ ಮಾತ್ರೆ ಮುಟ್ಟಿಸಿದೆ ಅಂದರೆ ನೀನು ಅಣ್ಣ ಅಲ್ಲ." ಅವನೊಬ್ಬನೇ ಒಳಗೆ ಹೋದ. ರೋಗಿಯನ್ನು ನೋಡದೆ ಬರೆಯಲಾಗದು ಎಂದರು ವೈದ್ಯರು. ಅದು ನ್ಯಾಯವೇ. ಆದರೆ ಅವರು ಹತ್ತಾರು ಜನಕ್ಕೆ ಬರೆದ ಮಾತ್ರೆ ಯಾವುದು, ಯಾವ ಖಾನೆಯಲ್ಲಿದೆ, ಎಷ್ಟರಿಂದ ಶುರುಮಾಡಬೇಕು ಎಂಬುದು ಮೂವತ್ತು ವರ್ಷ ಪೊಟ್ಟಣ ಕಟ್ಟಿದ ಕೈಗೆ ಗೊತ್ತಿತ್ತು. ಆ ಸಂಜೆ ಮೂರು ಮಡಿಕೆಯ ಪೊಟ್ಟಣದೊಳಗೆ ಎರಡರ ಜೊತೆ ಮೂರನೆಯದೊಂದು ಕೂತಿತು. "ವಿಟಮಿನ್ನು," ಎಂದ. ಒಂದು ತಿಂಗಳು ಕಳೆಯುವಷ್ಟರಲ್ಲಿ ತಂಗಿ ಗಿರಣಿಯಲ್ಲಿ ಯಾರನ್ನೋ ಬೈಯುತ್ತಿರುವುದು ರಸ್ತೆಗೇ ಕೇಳಿಸಿತು. ಅವನು ಅಲ್ಲೇ ಮರದ ಕೆಳಗೆ ನಿಂತು ಕಣ್ಣೊರೆಸಿಕೊಂಡ. ಉರಿಯೂ ಕಡಿಮೆಯಾಗಿತ್ತು. ಹಿಂದಿನ ದೊಡ್ಡ ಡಾಕ್ಟರು ಆಗೊಮ್ಮೆ, "ಬೇರೆ ಏನಾದರೂ ತಗೋತಾರಾ?" ಎಂದು ಕೇಳಿದ್ದರು. ತಂಗಿ ಪಕ್ಕದಲ್ಲೇ ಕೂತಿದ್ದಳು. "ಒಂದು ವಿಟಮಿನ್ನು," ಎಂದಿದ್ದ.

* * *

"ಟ್ಯಾಮಾಕ್ಸಿಫೆನ್ ಇದೆಯಲ್ಲ," ಎಂದರು ಡಾಕ್ಟರಮ್ಮ, "ಅದು ನುಂಗಿದ ಹಾಗೇ ಕೆಲಸ ಮಾಡೋದು ಬಹಳ ಕಡಿಮೆ. ಅದು ಕಾಯಿ. ನಮ್ಮ ಲಿವರಿನಲ್ಲಿ ಒಂದು ಕಿಣ್ವ ಇದೆ, ಅದು ಆ ಕಾಯನ್ನ ಹಣ್ಣು ಮಾಡಬೇಕು. ಹಣ್ಣಾದ ಮೇಲೇ ಅದಕ್ಕೆ ಕ್ಯಾನ್ಸರನ್ನ ತಡೆಯೋ ಶಕ್ತಿ. ನೀವು ಕೊಟ್ಟ ಮಾತ್ರೆ ಆ ಕಿಣ್ವವನ್ನೇ ಹಿಡಿದು ಕೂರಿಸಿಬಿಡುತ್ತೆ. ಆಗ ಕಾಯಿ ಕಾಯಾಗೇ ಇದ್ದು ಹೊರಗೆ ಹೋಗುತ್ತೆ."

"ಪೂರ್ತಿಯಾ?"

"ಪೂರ್ತಿ ಅಲ್ಲ. ಬಹಳಷ್ಟು."

ಅವನು ಗೋಡೆಯತ್ತ ತಿರುಗಿದ. ಹೋದ ತಿಂಗಳು ತಂಗಿಯ ಸೊಂಟದ ನೋವಿಗೆ ತೆಗೆಸಿದ ಚಿತ್ರ ಅಲ್ಲೇ ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿತ್ತು. ಎಡಗಡೆಯ ಸೊಂಟದ ಮೂಳೆಯಲ್ಲಿ, ಬೆನ್ನಿನ ಒಂದು ಗಣ್ಣಿನಲ್ಲಿ ಕಪ್ಪು ಕಲೆ.

"ಇದು... ಅದರಿಂದಲೇ ಬಂತಾ ಅಮ್ಮಾ?"

ಡಾಕ್ಟರಮ್ಮ ಕನ್ನಡಕ ಮತ್ತೆ ಹಾಕಿಕೊಂಡರು. "ಹಾಗಂತ ಹೇಳೋಕೆ ಯಾರಿಂದಲೂ ಆಗಲ್ಲ. ಆ ಮಾತ್ರೆ ತಗೊಳ್ಳದೆ ಇದ್ದವರಿಗೂ ಮರಳಿ ಬಂದಿದೆ. ತಗೊಂಡೂ ಬರದೆ ಇದ್ದವರಿದಾರೆ. ಅಲ್ಲ ಅಂತ ಹೇಳೋಕೂ ನನ್ನಿಂದ ಆಗಲ್ಲ. ಕಿಣ್ವದ ತಂಟೆಗೆ ಹೋಗದ ಬೇರೆ ಮಾತ್ರೆ ಇತ್ತು. ಕೇಳಿದ್ದರೆ ಬರೆದುಕೊಡ್ತಿದ್ದರು."

ಕೇಳಿದ್ದರೆ ಎಂಬ ಒಂದು ಮಾತು ಅವನ ಕಿವಿಯಲ್ಲಿ ನಿಂತುಬಿಟ್ಟಿತು.

"ನಾವು ಈಗ ಔಷಧಿ ಬದಲಾಯಿಸ್ತೀವಿ. ಮುಂದಿನ ಗುರುವಾರ ರಕ್ತದ್ದು ಬರಲಿ. ಅಷ್ಟರೊಳಗೆ ಅವರಿಗೆ ನೀವು ಹೇಳಬೇಕು. ನೀವು ಹೇಳದಿದ್ದರೆ ನಾನು ಹೇಳ್ತೀನಿ, ಮುಚ್ಚಿಡೋಕೆ ನನಗೆ ಹಕ್ಕಿಲ್ಲ. ಆದರೆ ನನ್ನ ಬಾಯಿಂದ ಕೇಳೋದಕ್ಕಿಂತ ನಿಮ್ಮ ಬಾಯಿಂದ ಕೇಳಲಿ. ಒಂದು ಮಾತು, ಆ ಮಾತ್ರೆ ಇವತ್ತೇ ತೆಗೆದುಬಿಡಬೇಡಿ. ಎರಡು ವರ್ಷ ಒಗ್ಗಿದ ಮೈ. ಏಕಾಏಕಿ ನಿಲ್ಲಿಸಿದರೆ ತಲೆ ಸುತ್ತುತ್ತೆ, ಮನಸ್ಸು ಕೆಟ್ಟು ಹೋಗುತ್ತೆ."

ಬಸ್ಸಿನಲ್ಲಿ ತಂಗಿ ಕಿಟಕಿಯ ಪಕ್ಕ ಕೂತಳು. ರಕ್ತ ತೆಗೆದ ಜಾಗಕ್ಕೆ ಒತ್ತಿದ ಹತ್ತಿಯನ್ನು ಎಸೆಯದೆ ಬೆರಳಲ್ಲಿ ಹಿಸುಕುತ್ತ ಅವನತ್ತ ತಿರುಗಿದಳು. "ಏನು, ಒಳಗೆ ಕೂರಿಸಿಕೊಂಡು ಬೈದರಾ? ಮುಖ ಎರಡು ಸಲ ಜರಡಿ ಹಿಡಿದ ಹಿಟ್ಟಾಗಿದೆ."

"ಇಲ್ಲ. ಔಷಧಿ ಬದಲಾಯಿಸ್ತಾರಂತೆ."

"ಬದಲಾಯಿಸಲಿ. ನಿನ್ನ ವಿಟಮಿನ್ನು ಮಾತ್ರ ತೆಗೆಯೋದು ಬೇಡ ಅಂದುಬಿಡು," ಎಂದು ಅವಳು ಕಣ್ಣು ಮುಚ್ಚಿಕೊಂಡಳು.

* * *

ಶುಕ್ರವಾರ ಹೇಳಲಿಲ್ಲ. ಶನಿವಾರವೂ ಇಲ್ಲ. ಎರಡು ದಿನವೂ ಮೂರು ಮಡಿಕೆಯ ಪೊಟ್ಟಣ ಕಟ್ಟಿ ಕಳಿಸಿದ. ಭಾನುವಾರ ಮಧ್ಯಾಹ್ನ ಬಾಗಿಲು ಅರ್ಧ ಎಳೆದುಕೊಂಡು ಕಾಗದದ ಖಾನೆಯನ್ನು ಪೂರ್ತಿ ಹೊರಗೆ ಎಳೆದು ನೆಲದ ಮೇಲೆ ಕೂತ. ನೂರಾರು ಚೌಕಗಳು. ಆ ಮಾತ್ರೆಯ ಹೆಸರಿದ್ದ ಚೌಕ ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಅದರ ಜೊತೆಯ ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ನೋಡುತ್ತ ಹೋದ. ಮೂರು ಕೂಡಿದವು. ನಾಲ್ಕನೆಯದು ಸಿಗಲಿಲ್ಲ. ಯಾರ ಮನೆಗೆ ಯಾವ ಮಾತ್ರೆ ಹೊತ್ತು ಹೋಗಿತ್ತೋ.

ಯಾವಾಗಲೋ ಗಡಿಯಾರ ರಿಪೇರಿಯವನೊಬ್ಬ ಮರೆತು ಹೋಗಿದ್ದ ಭೂತಗನ್ನಡಿ ಹಿಡಿದು, ಬೆರಳಿಟ್ಟು, ಒಂದೊಂದು ಪದ ಬಿಡಿಸಿಕೊಂಡು ಓದಿದ. ಮೂರನೆಯ ಚೌಕದ ಕೆಳಗಡೆ, ಕತ್ತರಿ ಹಾದುಹೋದ ಅಂಚಿಗೆ ತಾಗಿದಂತೆ ಆ ಸಾಲಿತ್ತು. 'ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು ಈ ಮಾತ್ರೆಯನ್ನು...' ಅಲ್ಲಿಗೆ ಕತ್ತರಿಸಿತ್ತು. ಉಳಿದದ್ದನ್ನು ಓದುವ ಅಗತ್ಯವೂ ಇರಲಿಲ್ಲ. ಎರಡು ವರ್ಷದಲ್ಲಿ ಈ ಹಾಳೆಗಳನ್ನು ಎಷ್ಟು ಸಲ ಅಂಗೈಯಲ್ಲಿ ಒತ್ತಿದ್ದ! ಆ ಮಾತ್ರೆಯನ್ನು ಈ ಸಾಲಿನಲ್ಲೇ ಸುತ್ತಿ ತಂಗಿಯ ಕೈಗಿಟ್ಟ ದಿನವೂ ಇದ್ದಿರಬೇಕು. ದೀಪದ ಬುಡ ಕತ್ತಲೆ ಎಂದು ಜನ ಅನ್ನುವುದುಂಟು; ಅವನ ಬುಡದಲ್ಲಿ ಕತ್ತಲೆ ಇರಲಿಲ್ಲ, ಬರೆದಿಟ್ಟ ಮಾತೇ ಇತ್ತು.

ಸೋಮವಾರ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗಿರಣಿಗೆ ಹೋದ. ಕುರಿಕಾಯುವ ಮುದುಕನೊಬ್ಬ ಜೋಳದ ಚೀಲ ಇಳಿಸಿ ಹೊರಡುವ ಆತುರದಲ್ಲಿದ್ದ.

"ಬೀಸಿಡು ಅಕ್ಕಾ, ಕುರಿ ಕೂಡಿಹಾಕಿ ಬಂದು ತಗೊಂಡು ಹೋಗ್ತೀನಿ."

"ಆಗಲ್ಲ ತಾತ. ನಿಂತ್ಕೋ."

"ಅಯ್ಯೋ, ನಿನ್ನ ಮೇಲೆ ನಂಬಿಕೆ ಇದೆ ತಾಯೀ."

"ನಿನ್ನ ನಂಬಿಕೆ ನಿನ್ನ ಜೇಬಲ್ಲಿರಲಿ. ನಿನ್ನ ಕಾಳು ನಿನ್ನ ಕಣ್ಣೆದುರಿಗೇ ತೊಟ್ಟಿಗೆ ಬೀಳಬೇಕು, ನಿನ್ನ ಹಿಟ್ಟು ನಿನ್ನ ಕಣ್ಣೆದುರಿಗೇ ಚೀಲಕ್ಕೆ ಬೀಳಬೇಕು. ಹನ್ನೊಂದು ಗಂಟೆಗೆ ಮೆಣಸಿನಕಾಯಿ ಬೀಸಿದೀನಿ, ಆಮೇಲೆ ಹೊಟ್ಟು ಹಾಕಿ ಕಲ್ಲು ತೊಳೆದೆನೋ ಇಲ್ಲವೋ ಅಂತ ನೋಡೋರು ಯಾರು? ನಾಳೆ ರೊಟ್ಟಿ ಖಾರ ಆದರೆ ಮುದುಕಿ ಬೈಯೋದು ನಿನ್ನನ್ನಲ್ಲ, ನನ್ನನ್ನ."

"ನಮ್ಮ ಮುದುಕಿ ಕೈಯಲ್ಲಿ ಖಾರ ಇಲ್ಲದ ರೊಟ್ಟಿ ನಾನು ಕಂಡೇ ಇಲ್ಲ ಬಿಡು," ಎಂದು ಮುದುಕ ಗೊಣಗುತ್ತ ಕಂಬಕ್ಕೆ ಒರಗಿ ನಿಂತ. ತಂಗಿ ಚೀಲವನ್ನು ಎತ್ತಲಾರಳು, ಎತ್ತಕೂಡದೆಂದು ಡಾಕ್ಟರಮ್ಮ ಹೇಳಿದ್ದರು. ಅಣ್ಣನೇ ಎತ್ತಿ ತೊಟ್ಟಿಗೆ ಸುರಿದ. ಅವಳು ಬೀಳುವ ಹಿಟ್ಟಿಗೆ ಕೈಯೊಡ್ಡಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕಣ್ಣನ್ನು ಬೇರೆಲ್ಲೋ ನೆಟ್ಟು ಹದ ನೋಡಿ, ಕಲ್ಲಿನ ತಿರುಪನ್ನು ಒಂದು ಎಳೆಯಷ್ಟು ಬಿಗಿ ಮಾಡಿದಳು. ಅವಳ ಹುಬ್ಬು, ರೆಪ್ಪೆ, ಮೇಲ್ತುಟಿಯ ಮೇಲಿನ ಸಣ್ಣ ಕೂದಲು ಎಲ್ಲವೂ ಬೆಳ್ಳಗಾಗಿದ್ದವು.

ಮುದುಕ ಬಾಗಿಲ ಆಚೆ ಕುರಿಗಳನ್ನು ಗದರಿಸಲು ಹೋದ. ಮೋಟಾರಿನ ಸದ್ದಿನಲ್ಲಿ ಹೇಳಿಬಿಡುವುದು ಸುಲಭವೆನಿಸಿತು ಅಣ್ಣನಿಗೆ. ಅವಳ ಬೆನ್ನಿಗೆ ಹೇಳಿದ: "ಅದು ವಿಟಮಿನ್ ಅಲ್ಲ."

"ಏನೂ?" ಎಂದು ಅವಳು ಕಿವಿಗೆ ಕೈಯಿಟ್ಟಳು.

"ನಾನು ಕೊಡೋ ಮಾತ್ರೆ."

"ಕೇಳ್ತಿಲ್ಲ, ತಾಳು." ಅವಳು ಸ್ವಿಚ್ಚು ಆರಿಸಿದಳು. ಬೆಲ್ಟು ನಿಧಾನವಾಗುತ್ತ, ಪಟಪಟ ಎನ್ನುತ್ತ ನಿಂತಿತು. ಗಿರಣಿ ಒಮ್ಮೆಗೇ ಇಷ್ಟು ಮೌನವಾಗಬಲ್ಲದೆಂದು ಅವನು ಎಣಿಸಿರಲಿಲ್ಲ. ಗಾಳಿಯಲ್ಲಿದ್ದ ಹಿಟ್ಟು ಕೂಡ ಇಳಿಯುವುದು ಕೇಳಿಸುವಂತಿತ್ತು. "ಈಗ ಹೇಳು."

ಹೇಳಿದ. ಬೆಲ್ಟಿನ ಬಳಿ ಅವಳು ಆಡಿದ ಮಾತಿನಿಂದ ಶುರುಮಾಡಿ, ಖಾನೆಯಿಂದ ತೆಗೆದ ಮಾತ್ರೆ, ಡಾಕ್ಟರಿಗೆ ಹೇಳಿದ ಸುಳ್ಳು, ಕಿಣ್ವ, ಕಾಯಿ, ಹಣ್ಣು, ಕತ್ತರಿಸಿದ ಚೌಕ ಎಲ್ಲವನ್ನೂ. ನಡುವೆ ತನ್ನ ಪರವಾಗಿ ಒಂದು ಮಾತು ಸೇರಿಸಬೇಕೆಂದು ಬಾಯಿಗೆ ಬಂದದ್ದನ್ನು ಎರಡು ಸಲ ನುಂಗಿದ. ಅವಳು ತೊಟ್ಟಿಯ ಅಂಚು ಹಿಡಿದು ನಿಂತು ಕೇಳಿದಳು.

"ಅಂದರೆ," ಎಂದಳು ಕೊನೆಗೆ, "ಈ ಎರಡು ವರ್ಷ ನಾನು ನಕ್ಕಿದ್ದು ನಿನ್ನ ಮಾತ್ರೆಯಾ?"

ಅವನು ಆ ಪ್ರಶ್ನೆಗೆ ಸಿದ್ಧನಾಗಿ ಬಂದಿರಲಿಲ್ಲ. ಮೂಳೆಯ ಕಲೆಯ ಬಗ್ಗೆ ಕೇಳುತ್ತಾಳೆ, ಎಷ್ಟು ದಿನ ಉಳಿದಿದೆ ಎಂದು ಕೇಳುತ್ತಾಳೆ, ಕೊಂದೆಯಲ್ಲೋ ಎನ್ನುತ್ತಾಳೆ ಎಂದುಕೊಂಡಿದ್ದ.

"ಹಾಗಲ್ಲ..."

"ನಾನೇ ಎದ್ದು ಬಂದೆ ಅಂದುಕೊಂಡಿದ್ದೆ ಕಣೋ." ಅವಳ ಧ್ವನಿ ಏರಲಿಲ್ಲ. "ಅವರು ಸತ್ತಾಗ ಎದ್ದೆ, ಎದೆ ಕೊಯ್ದಾಗ ಎದ್ದೆ. ಮೂರನೇ ಸಲ ಆಗಲ್ಲ ಅಂದುಕೊಂಡಿದ್ದವಳು, ಅದೂ ಎದ್ದೆನಲ್ಲಾ ಅಂತ ಹೆಮ್ಮೆ ಪಟ್ಟಿದ್ದೆ. ಒಬ್ಬಳೇ ಇದ್ದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದೀನಿ. ಹಗ್ಗ ಹಿಡಿದು ಎಳೀತಿದ್ದೋನು ನೀನು."

"ನೀನು ಆವತ್ತು ಬೆಲ್ಟಿನ ಹತ್ತಿರ..."

"ಗೊತ್ತು. ಆವತ್ತು ಏನು ಅಂದೆ ಅಂತ ನನಗೂ ನೆನಪಿದೆ." ಅವಳು ತಲೆಯ ಬಟ್ಟೆ ಬಿಚ್ಚಿ, ಕೊಡವಿ, ಮತ್ತೆ ಕಟ್ಟಿಕೊಂಡಳು. ಕಟ್ಟುವಾಗ ಗಂಟು ಎರಡು ಸಲ ಜಾರಿತು. "ಊರಿನ ಕಾಳೆಲ್ಲಾ ಅವರವರ ಕಣ್ಣೆದುರಿಗೆ ಸುರಿಯೋಳು ನಾನು. ನನ್ನ ಹೊಟ್ಟೆಗೆ ನೀನು ಕತ್ತಲಲ್ಲಿ ಸುರಿದೆ."

ಮುದುಕ ಬಾಗಿಲಲ್ಲಿ ಇಣುಕಿದ. "ಕರೆಂಟು ಹೋಯ್ತಾ ಅಕ್ಕಾ?"

"ಇಲ್ಲ ತಾತ, ಬಾ. ನಿಂದೇ ಬೀಸ್ತಿರೋದು." ಅಣ್ಣನತ್ತ ನೋಡದೆ ಅವಳು ಸ್ವಿಚ್ಚು ಒತ್ತಿದಳು. ಸದ್ದು ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು. ಅವನು ಹೊರಟಾಗ ಅವಳು ಹಿಟ್ಟಿಗೆ ಕೈಯೊಡ್ಡಿದ್ದಳು, ಉಜ್ಜಿ ನೋಡುತ್ತಿರಲಿಲ್ಲ. ಅಂಗೈ ತುಂಬಿ, ಸೋರಿ, ಮುಂಗೈ ಮುಚ್ಚುವ ತನಕ ಹಾಗೇ ಹಿಡಿದಿದ್ದಳು.

* * *

ಗುರುವಾರ ಅವಳು ಬರುತ್ತಾಳೋ ಇಲ್ಲವೋ ಎಂದು ಅವನು ಮೊದಲ ಬಸ್ಸಿಗೇ ಆಸ್ಪತ್ರೆಗೆ ಬಂದು ನಿಂತಿದ್ದ. ಅವಳು ಎರಡನೆಯ ಬಸ್ಸಿಗೆ ಬಂದಳು, ಬೇರೆ ಸಾಲಿನಲ್ಲಿ ಕೂತಳು. ಡಾಕ್ಟರಮ್ಮ ಕುರ್ಚಿ ತೋರಿಸುವ ಮೊದಲೇ, "ನಮ್ಮಣ್ಣ ಹೇಳಿದ," ಎಂದಳು. "ಈಗ ನೀವು ಹೇಳಿ. ನನಗೆ ಹೇಳಿ, ಅವನಿಗಲ್ಲ."

ಡಾಕ್ಟರಮ್ಮ ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡರು. ಹೊಸ ಔಷಧಿ ಬೇರೆ ದಾರಿಯದು ಎಂದರು. ಮುಟ್ಟು ನಿಂತ ಮೇಲೂ ಮೈಯ ಕೊಬ್ಬಿನಲ್ಲಿ ಇನ್ನೊಂದು ಕಿಣ್ವ ಕೂತು ಹೆಣ್ಣಿನ ಹಾರ್ಮೋನನ್ನು ಸಣ್ಣಗೆ ತಯಾರಿಸುತ್ತಲೇ ಇರುತ್ತದೆ. ಈ ಬಗೆಯ ಕ್ಯಾನ್ಸರಿಗೆ ಅದೇ ಆಹಾರ. ಹೊಸ ಮಾತ್ರೆ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಜೊತೆಗೆ ಮೂಳೆಗೆ ಸೂಜಿ.

"ಅಲ್ಲಿ ಕಿಣ್ವ ಓಡಬೇಕಿತ್ತು, ನಿಂತುಹೋಯ್ತು. ಇಲ್ಲಿ ನಿಲ್ಲಬೇಕು," ಎಂದಳು ತಂಗಿ.

"ಹೌದು. ಸರಿಯಾಗಿ ಹೇಳಿದಿರಿ."

"ಇದು ಹೋಗುತ್ತಾ?"

"ಹೋಗಲ್ಲ. ತಡೆದು ಹಿಡೀಬಹುದು. ವರ್ಷಗಟ್ಟಲೆ ಹಿಡಿದವರಿದಾರೆ. ನಿಮಗೆ ಎಷ್ಟು ಅಂತ ನನಗೆ ಗೊತ್ತಿಲ್ಲ."

ಗಿರಣಿಯಕ್ಕ ತಲೆಯಾಡಿಸಿದಳು, ಒಬ್ಬರು ತಂದ ಕಾಳನ್ನು ತೂಗಿ ಇಷ್ಟೇ ಇದೆ ಎಂದು ಒಪ್ಪುವ ಹಾಗೆ. "ಮನಸ್ಸಿನ ಮಾತ್ರೆ?"

"ಹೊಸ ಔಷಧಿಗೆ ಅದು ಅಡ್ಡ ಬರಲ್ಲ. ಬೇಕಿದ್ದರೆ ಮುಂದುವರಿಸಬಹುದು. ಈಗ ಮುಂದುವರಿಸೋದೇ ಒಳ್ಳೇದು ಅಂತ ನನಗನ್ನಿಸುತ್ತೆ. ಆದರೆ ಅದು ನಿಮ್ಮಿಷ್ಟ."

"ನನಗೆ ಬೇಡ."

"ಯೋಚಿಸಿ ಹೇಳಿ."

"ಬೇಡ. ನಾನು ಎಷ್ಟಿದೀನಿ ಅಂತ ನೋಡಬೇಕು. ಬೇಕಾದರೆ ಆಮೇಲೆ ನಾನೇ ಬಂದು ಕೇಳ್ತೀನಿ, ನನ್ನ ಬಾಯಲ್ಲಿ."

ಹಾಗಾದರೆ ಎರಡು ತಿಂಗಳು ಹಿಡಿಯುತ್ತದೆ ಎಂದರು ಡಾಕ್ಟರಮ್ಮ. ಮೊದಲು ಮುಕ್ಕಾಲು, ಆಮೇಲೆ ಅರ್ಧ, ಆಮೇಲೆ ಕಾಲು. ನಡುವೆ ತಾವು ನೋಡಬೇಕು. ಸಾಯುವ ಯೋಚನೆ ಸುಳಿದರೆ ಅದೇ ದಿನ ಬರಬೇಕು. "ಅಳತೆ ತಪ್ಪದ ಹಾಗೆ ಕತ್ತರಿಸಬೇಕು. ಯಾರು ಕತ್ತರಿಸಿಕೊಡ್ತಾರೆ?"

ಗಿರಣಿಯಕ್ಕ ಮೊದಲ ಬಾರಿಗೆ ಅಣ್ಣನತ್ತ ತಿರುಗಿದಳು. "ಇವನಿದಾನಲ್ಲ," ಎಂದಳು.

* * *

ದಿನಾ ಸಂಜೆ ಗಿರಣಿ ಮುಚ್ಚಿ ಅವಳು ಅಂಗಡಿಗೆ ಬರುತ್ತಿದ್ದಳು. ಕಾಲೆಳೆಯುತ್ತ ಬಂದು, ಗಾಜಿನ ಕಟ್ಟೆಗೆ ಮೊಣಕೈಯೂರಿ ನಿಂತು, "ಹ್ಞೂಂ," ಎನ್ನುತ್ತಿದ್ದಳು. ಅವನು ಡಬ್ಬಿಯಿಂದ ಪಟ್ಟಿ ತೆಗೆದು ಅವಳತ್ತ ತಿರುಗಿಸಿ ಹಿಡಿಯಬೇಕು. ಅವಳು ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ, ಪ್ರತಿದಿನವೂ ಹೊಸದಾಗಿ, ಗಟ್ಟಿಯಾಗಿ ಓದಬೇಕು. ಆಮೇಲೆ ಅವನು ಬ್ಲೇಡು ತೆಗೆದು ಗಾಜಿನ ಮೇಲೆ ಮಾತ್ರೆ ಇಟ್ಟು ಕತ್ತರಿಸಬೇಕು. ಅವಳು ತನ್ನ ಪಾಲು ಅಲ್ಲೇ ಬಾಯಿಗೆ ಹಾಕಿಕೊಂಡು, ಅವನು ಕೊಟ್ಟ ನೀರು ಕುಡಿದು ಹೋಗುತ್ತಿದ್ದಳು. ಬೇರೆ ಮಾತಿಲ್ಲ. ಪೊಟ್ಟಣವಿಲ್ಲ.

ಅರ್ಧಕ್ಕೆ ಇಳಿದ ವಾರ ಅವಳ ಕಣ್ಣ ಸುತ್ತ ಕಪ್ಪು ಕಟ್ಟಿತು. ಕಟ್ಟೆ ಹಿಡಿದು ನಿಲ್ಲುತ್ತಿದ್ದಳು; ತಲೆ ತಿರುಗಿಸಿದರೆ ತಲೆಯೊಳಗೆ ಏನೋ ಚುರುಕ್ ಎನ್ನುತ್ತದೆ ಎಂದು ಡಾಕ್ಟರಮ್ಮನಿಗೆ ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದ. ಒಂದು ಸಂಜೆ ಬಂದವಳು ಅವನ ಕುರ್ಚಿಯಲ್ಲಿ ಕೂತು ಸದ್ದಿಲ್ಲದೆ ಅತ್ತಳು. ಅವನು ಇನ್ನೊಂದು ಅರ್ಧವನ್ನು ಅವಳ ಕಡೆ ಒಂದು ಬೆರಳಗಲ ಸರಿಸಿದ. ಅವಳು ಅದನ್ನು ವಾಪಸು ಒಂದು ಬೆರಳಗಲ ಸರಿಸಿ, ಮೂಗು ಒರೆಸಿಕೊಂಡು ಎದ್ದಳು. ಮರುದಿನವೂ ಬಂದಳು.

ಅವನು ಪೊಟ್ಟಣ ಕಟ್ಟುವುದನ್ನು ಬಿಟ್ಟಿದ್ದ. ಪಟ್ಟಿಯನ್ನೇ ಕೊಟ್ಟು, ಒಳಗಿನ ಹಾಳೆಯನ್ನೂ ಜೊತೆಗಿಟ್ಟು, ಬೇರೆ ಏನು ನುಂಗುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳತೊಡಗಿದ. "ಪೊಟ್ಟಣದಣ್ಣಂಗೆ ವಯಸ್ಸಾಯ್ತು," ಎಂದರು ಜನ. "ಈ ಹಾಳೆ ತಗೊಂಡು ನಾನೇನು ಮಾಡಲಿ, ಕುರಿಗೆ ಓದಿ ಹೇಳಲಾ?" ಎಂದ ಕುರಿಯ ಮುದುಕ. "ನನ್ನೆದುರಿಗೆ ಕೂತ್ಕೋ, ನಾನೇ ಓದಿ ಹೇಳ್ತೀನಿ," ಎಂದ ಅವನು. ಕಣ್ಣು ಕಾಣದ ಮುದುಕಿಗೆ ಮಾತ್ರ ಮಡಿಕೆ ಮಡಿಸಿ ಕೊಡುತ್ತಿದ್ದ. ಅದೂ ಖಾಲಿ ಬಿಳಿ ಕಾಗದದಲ್ಲಿ, ಒಂದೊಂದು ಮಾತ್ರೆಯನ್ನೂ ಅವಳ ಅಂಗೈಗಿಟ್ಟು ಹೆಸರು ಹೇಳಿದ ಮೇಲೆ.

ಕೊನೆಯ ಕಾಲು ಭಾಗದ ಸಂಜೆ ಬಂತು. ಅವಳು ಹೆಸರು ಓದಿದಳು. ಅವನು ಮಾತ್ರೆಯನ್ನು ಗೆರೆಗೆ ಸರಿಯಾಗಿ ಎರಡು ಮಾಡಿದ, ಅರ್ಧವನ್ನು ಮತ್ತೆ ಎರಡು ಮಾಡಲು ಬ್ಲೇಡು ಒತ್ತಿದ. ಮಾತ್ರೆ ತುಂಡಾಗುವ ಬದಲು ಒಂದು ಅಂಚು ಪುಡಿಯಾಗಿ ಗಾಜಿನ ಮೇಲೆ ಚೆಲ್ಲಿತು. "ಬೇರೆ ತೆಗೀತೀನಿ," ಎಂದ.

"ಬೇಡ. ಇಷ್ಟೇ ಸಾಕು." ಉಳಿದ ಚೂರನ್ನು ನಾಲಗೆಗಿಟ್ಟು ನೀರು ಕುಡಿದಳು.

ಹೋಗುತ್ತಾಳೆಂದು ಅವನು ಗ್ಲಾಸಿಗೆ ಕೈಚಾಚಿದ. ಅವಳು ಹೋಗಲಿಲ್ಲ. ಗಾಜಿನ ಮೇಲೆ ಚೆಲ್ಲಿದ ಬಿಳಿ ಪುಡಿಗೆ ತೋರುಬೆರಳು ಒತ್ತಿ ಮೇಲೆತ್ತಿದಳು. ಅದಕ್ಕೆ ಹೆಬ್ಬೆರಳು ಸೇರಿಸಿ ನಿಧಾನವಾಗಿ ಉಜ್ಜತೊಡಗಿದಳು, ಕಣ್ಣು ರಸ್ತೆಯ ಆಚೆ ಎಲ್ಲೋ ನೆಟ್ಟು. ಬ್ಲೇಡನ್ನು ಕೆಳಗಿಡುವುದು ಮರೆತು, ತನ್ನ ಕಾಳು ತಂದು ತೊಟ್ಟಿಯ ಪಕ್ಕ ನಿಂತವರ ಹಾಗೆ, ಅವನು ಅವಳ ಬೆರಳುಗಳನ್ನೇ ನೋಡುತ್ತ ನಿಂತ.